ಓರಗಿತ್ತಿಯ ಸರ್ವ್

ಹಿರಿಯವಳು ಸರ್ವ್ ಮಾಡಿದ ಚೆಂಡು ನೆಲಕ್ಕೆ ಬಿದ್ದು ಪುಟಿದು, ಹಿಂದಿನ ಗಾಜಿನ ಗೋಡೆಗೆ ತಾಗಿ ಇಳಿಯಿತು. ಕಿರಿಯವಳು ಎಂದಿನಂತೆ ಅದನ್ನು ಮೇಲಕ್ಕೆ ಎತ್ತಿ ಹಾಕಿದಳು. ನೆಟ್ಟಿನ ಆಚೆ ಹಿರಿಯವಳು ಎರಡು ಹೆಜ್ಜೆ ಹಿಂದೆ ಸರಿದು, ಬಡಿದು ಮುಗಿಸಿದಳು.

"ಅಯ್ಯೋ ಆಂಟಿ, ತುತ್ತು ಮಾಡಿ ಬಾಯಿಗೆ ಇಡ್ತಿದ್ದೀರಲ್ಲ!" ಎಂದಳು ಪಕ್ಕದಲ್ಲಿದ್ದ ದಂತವೈದ್ಯೆ, ಕಿರಿಯವಳ ಹೊಸ ಜೊತೆಗಾತಿ.

ಹಾಗೆ ಎತ್ತಿ ಹಾಕುವುದನ್ನು ಕಲಿಸಿದವಳೇ ಹಿರಿಯವಳು. ಅಣ್ಣತಮ್ಮಂದಿರು ಒಟ್ಟಿಗೆ ಕನ್ನಡಕದ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ಓರಗಿತ್ತಿಯರಿಬ್ಬರೂ ಗಿರಾಕಿಗಳನ್ನು ಗಂಡಂದಿರ ತಲೆಗೆ ಕಟ್ಟಿ, ಟೆನಿಸ್‌ನಂಥ ಈ ಗಾಜುಗೋಡೆಯ ಆಟ ಪ್ಯಾಡೆಲ್ ಆಡಲು ಓಡಿಬರುತ್ತಿದ್ದರು. "ನೀನು ಬರೀ ಎತ್ತಿ ಹಾಕು ಕಣೇ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎನ್ನುತ್ತಿದ್ದಳು ಅಕ್ಕ. ನೋಡಿಕೊಳ್ಳುತ್ತಲೂ ಇದ್ದಳು. ಸೋತ ದಿನ ಬೈಗುಳ, ಗೆದ್ದ ದಿನ ಐಸ್‌ಕ್ರೀಮು. ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆಯ ಗೊರಕೆಯ ಅಣಕ, ಹೊಟ್ಟೆ ಹುಣ್ಣಾಗುವಷ್ಟು ನಗು. ಆಮೇಲೆ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತು. ಇವರ ಜೋಡಿಯೂ ಪಾಲಾಯಿತು. ಆಡಬೇಡಿ ಎಂದು ಯಾರೂ ಹೇಳಲಿಲ್ಲ. ಇವರೂ ಒಬ್ಬರಿಗೊಬ್ಬರು ಫೋನ್ ಮಾಡಲಿಲ್ಲ. ಅದಾದ ಮೇಲೆ ಇವತ್ತೇ ಮೊದಲು ಎದುರುಬದುರಾದದ್ದು.

ಒಂದು ಪಾಯಿಂಟ್ ಕಳೆದು ಅಕ್ಕ ಮತ್ತೆ ಕಿರಿಯವಳತ್ತ ಸರ್ವ್‌ಗೆ ನಿಂತಳು. ಹೊಡೆದ ಕೂಡಲೇ ನೆಟ್ಟಿನತ್ತ ಓಡುವುದು ಅವಳ ರೂಢಿ. ಅರ್ಧ ದಾರಿಯಲ್ಲಿ ಅವಳ ಕಾಲು ಒಂದು ಗಳಿಗೆ ತಡವರಿಸುತ್ತದೆ. ಎದುರಾಳಿಗಳ ಕಣ್ಣಿಗೆ ಬೀಳುವಂಥದ್ದಲ್ಲ ಅದು. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು, ಅದನ್ನು ಮುಚ್ಚಲೆಂದೇ ನಡುವಿಗೆ ಸರಿಯುತ್ತಿದ್ದವಳಿಗೆ ಮಾತ್ರ ಗೊತ್ತು. ಅಲ್ಲಿಗೆ ಹೊಡೆದರೆ ಮನೆಯ ಗುಟ್ಟನ್ನು ಬೀದಿಗೆ ಹಾಕಿದ ಹಾಗೆ.

ಚೆಂಡು ಬಂತು. ಈ ಸಲ ಕಿರಿಯವಳು ಗೋಡೆಗೆ ಕಾಯಲಿಲ್ಲ. ಮುಂದೆ ನುಗ್ಗಿ, ಪುಟಿದೇಳುತ್ತಿದ್ದಂತೆಯೇ ಬೀಸಿದಳು. ಚೆಂಡು ನೆಟ್ಟನ್ನು ಸವರಿಕೊಂಡು ಹೋಗಿ ಅಕ್ಕನ ಕಾಲ ಬುಡಕ್ಕೇ ಬಿತ್ತು. ಅವಳು ಬ್ಯಾಟು ಇಳಿಸುವಷ್ಟರಲ್ಲಿ ಹಿಂದೆ ಹೋಗಿತ್ತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ದುರುಗುಟ್ಟಿ ನೋಡಿದಳು.

"ಲೇ, ಇದನ್ನ ಇಷ್ಟು ವರ್ಷ ಎಲ್ಲೇ ಬಚ್ಚಿಟ್ಟಿದ್ದೆ?"

"ನೀವು ಹೊಡೆಯೋಕೆ ಬಿಟ್ರೆ ತಾನೇ, ಅಕ್ಕ!"

"ಹೊಡೆದಿದ್ರೆ ಒಂದೆರಡು ಕಪ್ ಆದ್ರೂ ಗೆದ್ದು ತರ್ತಿದ್ವಲ್ಲೇ, ಪಾಪಿ!" ಎಂದವಳೇ ಅಕ್ಕ ನಕ್ಕುಬಿಟ್ಟಳು. ಕಿರಿಯವಳು ಬೆವರು ಒರೆಸಿಕೊಳ್ಳುವ ನೆಪದಲ್ಲಿ ಟವೆಲ್ಲಿನಲ್ಲಿ ಮುಖ ಹುದುಗಿಸಿದಳು.

ಆಟವನ್ನು ಕೊನೆಗೆ ಅಕ್ಕನೇ ಗೆದ್ದಳು. ಇಬ್ಬರ ಜೊತೆಗಾತಿಯರೂ ಹೊರಟ ಮೇಲೆ ಅವಳು ಬೆಂಚಿನ ಮೇಲೆ ಕುಸಿದು, ಕಾಲು ಚಾಚಿದಳು.

"ಈ ಶೂ ಎಳೆದು ಬಿಡೇ. ನನಗೆ ಬಗ್ಗೋಕಾಗ್ತಿಲ್ಲ."

ಕಿರಿಯವಳು ನೆಲದ ಮೇಲೆ ಕೂತು ಆ ಕಾಲನ್ನು ಮಡಿಲಿಗೆಳೆದುಕೊಂಡಳು. ಶೂ ಕಳಚುತ್ತಿದ್ದಂತೆ ಒಳಗೆ ಸೇರಿದ್ದ, ಅಂಕಣದ ಕೃತಕ ಹುಲ್ಲಿಗೆ ಹರಡಿದ ಮರಳು ಸುರುಸುರನೆ ಅವಳ ಮಡಿಲ ತುಂಬ ಸುರಿಯಿತು. ಅವಳು ಕೊಡವಿಕೊಳ್ಳದೆ ಇನ್ನೊಂದು ಶೂಗೆ ಕೈ ಹಾಕಿದಳು.