ಸುಮಿತ್ರವ್ವನ ಕೋಟಿನ ಕಲ್ಲುಸಕ್ಕರೆ

ಮಾತು ಎಲ್ಲಿಂದಲಾದರೂ ಶುರುವಾಗಲಿ, ಡಲ್ಲಾಸ್ ಪಕ್ಕದ ಯೂಲೆಸ್ಸಿನ ಡಾಕ್ಟರ್ ಸುಮಿತ್ರವ್ವ ಅದನ್ನು ೧೩೨೮ರ ಪ್ಯಾರಿಸ್ಸಿಗೆ ತಂದು ನಿಲ್ಲಿಸದೆ ಬಿಡುವವರಲ್ಲ. ಹೂಸ್ಟನ್ನಿನ ನೆರೆಹಾವಳಿಯ ಸುದ್ದಿಯಿರಲಿ, ಆಸ್ಟಿನ್ನಿನ ಮನೆಗಳ ಬೆಲೆಯಿರಲಿ, ಬಿಸಿಬೇಳೆಬಾತಿಗೆ ತುಪ್ಪ ಸಾಲದೆಂಬ ದೂರೇ ಇರಲಿ, ಎರಡು ತುತ್ತು ಇಳಿಯುವಷ್ಟರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಚಾರ್ಲ್ಸ್ ತೀರಿಕೊಂಡಿರುತ್ತಾನೆ, ಅವನ ರಾಣಿ ತುಂಬಿದ ಬಸುರಿಯಾಗಿರುತ್ತಾಳೆ, ಆಸ್ಥಾನಕ್ಕೆ ಆಸ್ಥಾನವೇ ಹೆರಿಗೆಯ ಕೋಣೆಯ ಬಾಗಿಲು ನೋಡುತ್ತ ಉಸಿರು ಬಿಗಿಹಿಡಿದಿರುತ್ತದೆ.

ಎಡಗಾಲನ್ನು ತುಸು ಎಳೆಯುತ್ತ, ಆದರೂ ಎದುರಿಗೆ ಬಂದವರೇ ದಾರಿ ಬಿಡಬೇಕೆಂಬ ಠೀವಿಯಲ್ಲಿ ನಡೆಯುವ ಈ ಧಾರವಾಡದ ಹೆಣ್ಣುಮಗಳು, ನಿವೃತ್ತಿಯ ತನಕ ಡಲ್ಲಾಸ್ ಸುತ್ತಿನ ಅರ್ಧ ಕನ್ನಡ ಸಂತಾನವನ್ನು ತಮ್ಮ ಕೈಯಲ್ಲೇ ಭೂಮಿಗೆ ಬರಮಾಡಿಕೊಂಡವರು. ‘ಆಂಟಿ’ ಎಂದರೆ ತಿರುಗಿ ನೋಡುವುದಿಲ್ಲ, ‘ಅವ್ವಾ’ ಎನ್ನಬೇಕು. ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ, “ಒಳಗ ಎಸಿ ಕೊರಿತದ” ಎಂದು ಮೈಮೇಲೊಂದು ಮಾಸಿದ ಕಂದು ಉಣ್ಣೆಯ ಕೋಟು ಇದ್ದೇ ಇರುತ್ತದೆ. ಅದರ ಬಲಗಡೆಯ ಕಿಸೆಯಲ್ಲಿ ಕಲ್ಲುಸಕ್ಕರೆ. ಹೆರಿಗೆಯಾದೊಡನೆ ತಂದೆಯಾದವನ ಅಂಗೈಗೆ ಒಂದು ತುಂಡು, ಹೆಣ್ಣಾದರೆ ಎರಡು. ಯಾಕವ್ವಾ ಎರಡು ಎಂದು ಕೇಳಿದವನಿಗೆ ಸಿಗುತ್ತಿದ್ದದ್ದು ಗದರಿಕೆ: “ತಿನ್ನೋದು ಬಿಟ್ಟು ಪ್ರಶ್ನಾ ಕೇಳ್ತೀಯಲ್ಲೋ!”

ಇಂಥವರಿಗೆ ಎದುರಾಡುವ ಎದೆಗಾರಿಕೆ ಇದ್ದದ್ದು ಡಲ್ಲಾಸ್ ಆಚೆಯ ಅಲೆನ್ನಿನ ಮೋಹನರಾಜರೊಬ್ಬರಿಗೆ. ಮೈಸೂರಿನವರು, ನಿವೃತ್ತ ಹೃದಯವೈದ್ಯರು, ತಾವು ಹೇಳಿದ್ದೇ ವೇದವಾಕ್ಯವೆಂದು ನಂಬಿದವರು.

“ಗಂಡು ಹುಟ್ಟಿದ್ದಿದ್ರೆ ಯುದ್ಧಾನೇ ಆಗ್ತಿರ್ಲಿಲ್ಲ ಡಾಕ್ಟ್ರೇ. ನೇರ ವಾರಸುದಾರ, ಮುಗೀತು. ಇಂಗ್ಲೆಂಡಿನವನಿಗೆ ಬಾಯಿ ತೆಗೆಯೋಕೆ ಜಾಗಾನೇ ಇರ್ತಿರ್ಲಿಲ್ಲ.”

ಅವರ ತರ್ಕವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ರಾಣಿಗೆ ಹೆಣ್ಣು ಹುಟ್ಟಿತು. ಹೆಣ್ಣಿಗೆ ಪಟ್ಟವಿಲ್ಲವೆಂದು ದಾಯಾದಿ ಫಿಲಿಪ್ ಪಟ್ಟವೇರಿದ. ಸತ್ತ ದೊರೆಯ ತಂಗಿಯ ಮಗ, ಇಂಗ್ಲೆಂಡಿನ ಅರಸ, ಮುಂದೆ ಆ ಕಿರೀಟ ತನ್ನದೆಂದ. ಆಮೇಲೆ ನೂರು ವರ್ಷ ಮೀರಿ ನೆತ್ತರು ಹರಿಯಿತು. ಸುಮಿತ್ರವ್ವ ಇದನ್ನೆಲ್ಲ ತಲೆಯಾಡಿಸಿ ಕೇಳಿ, ಕೊನೆಗೆ ಕೋಟಿನ ಗುಂಡಿ ತಿರುವುತ್ತ ಅನ್ನುವರು: “ಎಲ್ಲಾರೂ ಗಂಡಾಗಿದ್ರ, ಗಂಡಾಗಿದ್ರ ಅಂತೀರಿ. ಆ ಕೂಸಿನ್ನ ಪಟ್ಟಕ್ಕ ಕೂಡಿಸಿದ್ರ ಏನಾಗ್ತಿತ್ತು ಅಂತ ಒಬ್ಬರೂ ಕೇಳಂಗಿಲ್ಲ, ಹೌದಿಲ್ಲೋ?”

ಮೋಹನರಾಜರು ನಗುವರು. ಅವರ ಮನೆತನದಲ್ಲಿ ತಲೆಮಾರುಗಳಿಂದ ಒಂದೊಂದೇ ಗಂಡು. ಕುಲದೀಪವೆಂಬ ಮಾತು ಅವರಿಗೆ ಬರಿಯ ಮಾತಾಗಿರಲಿಲ್ಲ. ಕಳೆದ ವಸಂತದಲ್ಲಿ ಸೊಸೆ ಶ್ರಾವಣಿಯ ಸೀಮಂತವಾಯಿತು. ಹಸಿರು ಬಳೆ, ಹಸಿರು ಸೀರೆ, ಆರತಿ ಎಲ್ಲ ಆದಮೇಲೆ ಈ ದೇಶದ ಪದ್ಧತಿಯೂ ಒಂದಿರಲೆಂದು ಕೇಕು ತರಿಸಿದ್ದರು. ಕತ್ತರಿಸಿದಾಗ ಒಳಗೆ ನೀಲಿ ಕಂಡರೆ ಗಂಡು, ಗುಲಾಬಿ ಕಂಡರೆ ಹೆಣ್ಣು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ ಮೋಹನರಾಜರು ತಮ್ಮ ತಾತನ ಹೆಸರನ್ನು ಥರ್ಮೋಕೋಲಿನಲ್ಲಿ ಕೊರೆಸಿ, ಮಲ್ಲಿಗೆ ಸುತ್ತಿಸಿ, ಗೋಡೆಗೆ ಏರಿಸಿಯೇಬಿಟ್ಟಿದ್ದರು: ‘ಭೀಮಸೇನನಿಗೆ ಸ್ವಾಗತ.’

ಶ್ರಾವಣಿ ಕತ್ತರಿಸಿದಳು. ಗುಲಾಬಿ.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಹೆಸರಿಗೆ ಹೋಗಿ, ಅಲ್ಲಿಂದ ಮೋಹನರಾಜರ ಇಳಿದ ಮುಖಕ್ಕೆ ಬಂದು ನಿಂತವು. ಚಾಕು ಹಿಡಿದ ಶ್ರಾವಣಿ ಮಾವನನ್ನೇ ನೋಡುತ್ತಿದ್ದಳು, ಏನೋ ತಪ್ಪು ಮಾಡಿದವಳಂತೆ. ಆ ನೋಟ ಸುಮಿತ್ರವ್ವನ ಕಣ್ಣಿಗೆ ಬಿತ್ತು. ಕಾಲೆಳೆಯುತ್ತ ಎದ್ದುಬಂದರು.

“ಮೋಹನರಾಜ ಅವರ, ಪ್ಯಾರಿಸ್ಸಿನ್ಯಾಗೂ ಹಿಂಗ ಸುಮ್ಮಗಾಗಿದ್ರು ನೋಡ್ರಿ,” ಎಂದರು. ಆಮೇಲೆ, ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಡದ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿದರು: “ನಮ್ಮನ್ಯಾಗೂ ಸುಮ್ಮಗಾಗಿದ್ರು. ನಮ್ಮವ್ವ ಬಸರಿದ್ದಾಗ ನಮ್ಮಪ್ಪ ತೀರ್ಕೊಂಡ. ಗಂಡಾದ್ರ ಓಣಿಗೆಲ್ಲಾ ಹಂಚಬೇಕಂತ ಸಕ್ಕರಿ ತಂದಿಟ್ಟಿದ್ರಂತ. ನಾ ಹುಟ್ಟಿದೆ. ಸಕ್ಕರಿ ತಿರುಗಿ ಅಂಗಡಿಗೆ ಹೋತು.”

ಕೋಟಿನ ಕಿಸೆಗೆ ಕೈಹಾಕಿ, ಮೋಹನರಾಜರ ಅಂಗೈ ಬಿಡಿಸಿ ಎರಡು ತುಂಡು ಇಟ್ಟರು. ಮೋಹನರಾಜರು ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಬಳಿಕ ತಾವೇ ಕುರ್ಚಿ ಹತ್ತಿ ಗೋಡೆಯ ಹೆಸರನ್ನು ಇಳಿಸಿದರು. ಅದಕ್ಕೆ ಸುತ್ತಿದ್ದ ಮಲ್ಲಿಗೆಯನ್ನು ಬಿಚ್ಚಿ ಸೊಸೆಯ ಮುಡಿಗೆ ಕೊಟ್ಟು, ಒಂದು ತುಂಡು ಅವಳ ಬಾಯಿಗಿಟ್ಟರು. ಇನ್ನೊಂದನ್ನು ಸುಮಿತ್ರವ್ವನತ್ತ ಚಾಚಿದರು.

“ಇದು ನಿಮ್ದು, ಅವ್ವಾ.”

ಡಾಕ್ಟ್ರೇ ಎನ್ನುವುದನ್ನು ಅವರು ಬಿಟ್ಟದ್ದು ಅದೇ ಮೊದಲು. ಊರ ಮಂದಿಯ ಬಾಯಿ ಮುಚ್ಚಿಸುತ್ತಿದ್ದ ಸುಮಿತ್ರವ್ವ ಆ ತುಂಡಿಗೆ ಬಾಯಿ ತೆರೆದರು.

ಚರಿತ್ರೆಯಲ್ಲಿ ‘ಹೀಗಾಗಿದ್ದರೆ’ ಎಂದು ಕೆದಕುವವರನ್ನು ಕಂಡು, ಕೆಲಸವಿಲ್ಲದವರೆಂದು ನಾವು ನಗುತ್ತೇವೆ. ಸತ್ತ ರಾಜರ ಪಟ್ಟ ಯಾರಿಗೆ ಹೋದರೂ ಇಂಥವರಿಗೆ ಆಗಬೇಕಾದ್ದೇನೂ ಇರುವುದಿಲ್ಲ. ತಾವು ಹುಟ್ಟಿದ ದಿನ ಮನೆಯಲ್ಲಿ ಕವಿದ ಮೌನ ಇನ್ನೊಂದು ಕೂಸಿನ ಕಿವಿಗೆ ಬೀಳದಿರಲೆಂದು, ಅವರು ಸುಡುಬಿಸಿಲಲ್ಲೂ ಕೋಟು ತೊಟ್ಟು, ಸಕ್ಕರೆ ತುಂಬಿಕೊಂಡು, ಕರೆದವರ ಮನೆಗೆಲ್ಲ ಹೋಗುತ್ತಾರೆ.