ವ್ಯಾನಿನ ಬಲ ಮೂಲೆ

೧

ಎಲ್ಲಿಂದ ಶುರು ಮಾಡಲಿ? ಕಾಲಿನಿಂದಲೋ, ಚಕ್ರದಿಂದಲೋ? ಕಾಲಿನಿಂದ ಶುರು ಮಾಡಿದರೆ ನೀವು ನಡೆಯುವವಳ ಪಕ್ಷ ವಹಿಸುತ್ತೀರಿ, ಚಕ್ರದಿಂದಾದರೆ ಡ್ರೈವರನ ಪಕ್ಷ. ಜಗಳವೇ ಬೇಡ, ಕೈಯಿಂದ ಶುರು ಮಾಡುತ್ತೇನೆ. (ಬೆಳಗಿನಿಂದ ಇದು ನಾಲ್ಕನೆಯ ಶುರು. ಮೊದಲ ಮೂರು ಬುಟ್ಟಿ ಸೇರಿವೆ. ಒಂದರಲ್ಲಿ ಸೂರ್ಯೋದಯವಿತ್ತು, ನಾಚಿಕೆಯಾಗಿ ಹರಿದೆ.)

ಕೈ ಲಾಂಡ್ರಿ ವ್ಯಾನಿನ ಡ್ರೈವರನದು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆಸಿ, ಮೂಟೆ ಕಟ್ಟಿಸಿ ವಾಪಸು ಮುಟ್ಟಿಸುವ ಎತ್ತರದ ವ್ಯಾನು. ದಿನಾ ಎಂಟೂ ಮುಕ್ಕಾಲಿಗೆ ಅವನು ಅರ್ಧ ಅಳಿಸಿಹೋದ ಜೀಬ್ರಾ ಪಟ್ಟಿಯ ಬಳಿ ನಿಲ್ಲಿಸುತ್ತಾನೆ. ಎಡಗಡೆ ಫುಟ್‌ಪಾತಿನಲ್ಲಿ ಒಬ್ಬ ಹೆಂಗಸು ಕಾಯುತ್ತಿರುತ್ತಾಳೆ. ರಸ್ತೆಯಾಚೆಯ ಕನ್ನಡಕದಂಗಡಿಯಲ್ಲಿ ಲೆನ್ಸ್ ಉಜ್ಜುವ ಕೆಲಸ ಅವಳದು. ಅವನ ಬಾಯಲ್ಲಿ ಅವಳು ಕನ್ನಡಕದಕ್ಕ. "ಬನ್ನಿ ಅಕ್ಕಾ, ದಾಟಿ" ಎಂದು, ಗಾಜಿನಾಚೆ ಕೇಳದಿದ್ದರೂ, ಕೈ ಬೀಸುತ್ತಾನೆ. ಅವಳು ತಲೆಯಾಡಿಸಿ ದಾಟುತ್ತಾಳೆ. ಮೂರು ವರ್ಷದಿಂದ ಹೀಗೆ. ಅಷ್ಟಕ್ಕೇ ಅವನಿಗೆ ಇಡೀ ದಿನ ತಾನು ದೊಡ್ಡ ಮನುಷ್ಯ ಅನ್ನಿಸುತ್ತದೆ.

ಮನೆಯಲ್ಲಿ ಹೇಳಿಕೊಂಡೂ ಇದ್ದ. ಹೆಂಡತಿ ಪಾತ್ರೆ ತಿಕ್ಕುತ್ತಲೇ ಕೇಳಿದ್ದಳು: "ನಿಮ್ಮ ಕೈ ನಂಬ್ಕೊಂಡು ಅವರು ರಸ್ತೆಗಿಳಿದ್ರು, ಸರಿ. ನಿಮ್ಮ ಹಿಂದೆ ಬರೋನಿಗೆ ಆ ಕೈ ಕಾಣುತ್ತಾ?"

ಅವನು ಟವಲ್ ಕೊಡವಿಕೊಂಡು ಒಳಗೆ ಹೋದ.

೨

ಆ ದಿನವೂ ಕೈ ಬೀಸಿದ. ಅವಳು ಇಳಿದಳು. ಗಿರಾಕಿಯೊಬ್ಬರ ಕನ್ನಡಕವನ್ನು ಮನೆಗೊಯ್ದು ಸ್ಕ್ರೂ ಬಿಗಿಮಾಡಿದ್ದಳು, ಅದರ ಡಬ್ಬಿ ಕೈಯಲ್ಲಿತ್ತು. ಬೀಸಿದ ಮೇಲೆ ಅವನ ಕಣ್ಣು ಬಲಗಡೆಯ ಕನ್ನಡಿಗೆ ಹೋಯಿತು. ವ್ಯಾನನ್ನು ದಾಟಿಕೊಂಡು ಮುಂದೆ ಹೋಗಲು ಒಂದು ಸ್ಕೂಟರು ಬಲಕ್ಕೆ ನುಗ್ಗಿ ಬರುತ್ತಿತ್ತು. ಸ್ಕೂಟರಿನವನಿಗೆ ಅವಳು ಕಾಣುವುದಿಲ್ಲ, ಅವಳಿಗೆ ಅವನು ಕಾಣುವುದಿಲ್ಲ. ನಡುವೆ ನೂರಿಪ್ಪತ್ತು ಹಾಸಿಗೆಯ ಬಟ್ಟೆ ತುಂಬಿದ ವ್ಯಾನು. ಇನ್ನು ನಾಲ್ಕು ಹೆಜ್ಜೆಗೆ ಅವಳು ಅದರ ಬಲ ಮೂಲೆ ದಾಟುತ್ತಾಳೆ.

(ಇಲ್ಲಿ ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದೆ.)

"ನೀರು ಕುಡಿಯೋಕೆ ಹೋಗಿದ್ರಾ?" ಕನ್ನಡಕದಕ್ಕ ಕೇಳಿದಳು. "ನನ್ನನ್ನ ನಡುರಸ್ತೆಯಲ್ಲಿ ನಿಲ್ಲಿಸಿ?"

"ಕ್ಲೈಮ್ಯಾಕ್ಸು ಅಲ್ವಾ ಅಕ್ಕ, ಸ್ವಲ್ಪ ಟೈಮ್ ಬೇಕು."

"ನಿಮಗೆ ಕ್ಲೈಮ್ಯಾಕ್ಸು. ನನಗೆ ಇದು ಕೆಲಸಕ್ಕೆ ಹೋಗೋ ದಾರಿ."

೩

ಮುಕ್ತಾಯ, ಮೊದಲ ಪ್ರಯತ್ನ. ಡ್ರೈವರ್ ಹಾರ್ನ್ ಒತ್ತಿದ. ಬೇಗ ಬೇಗ ದಾಟು ಅನ್ನುತ್ತಿದ್ದಾನೆ ಎಂದುಕೊಂಡು ಅವಳು ಓಡಿದಳು. ಓಡಿದರೆ ನೇರ ಸ್ಕೂಟರಿನ ಬಾಯಿಗೆ. ಆ ಸಾಲುಗಳನ್ನು ಗೀಟೆಳೆದು ಹೊಡೆದುಹಾಕಿದೆ.

ಎರಡನೆಯದು. ಡ್ರೈವರ್ ತನ್ನ ಬಾಗಿಲನ್ನೇ ತೆರೆದುಬಿಟ್ಟ. ಸ್ಕೂಟರು ಬಾಗಿಲಿಗೆ ಅಪ್ಪಳಿಸಿ…

"ಬೇಡ ಸಾರ್," ಡ್ರೈವರ್ ಅಡ್ಡ ಬಾಯಿ ಹಾಕಿದ. "ಒಬ್ಬರನ್ನ ಉಳಿಸೋಕೆ ಇನ್ನೊಬ್ಬನ್ನ ಕೆಡವಿದೆ ಅಂತ ಮನೇಲಿ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ತಪ್ಪು ಅವನದಲ್ವಾ?"

"ನಂದೂ ಇದೆ. ಹಿಂದೆ ನೋಡ್ದೆ ಕೈ ಬೀಸಿದೆ. ಕನ್ನಡಿ ಆಮೇಲೆ ನೋಡಿದೆ. ಮೊದ್ಲು ನೋಡ್ಬೇಕಿತ್ತು."

ಮೂರನೆಯದನ್ನು ಹೇಳಿಕೊಟ್ಟವಳು ಅವಳೇ. "ನಾನು ವ್ಯಾನಿನ ಮೂಲೇಲಿ ಒಂದು ಗಳಿಗೆ ನಿಂತು ಇಣುಕ್ತೀನಿ. ಕೈ ಅವರದಾದ್ರೂ ಕಣ್ಣು ನಂದೇ ಅಲ್ವಾ? ಹಾಗೆ ಬರೀರಿ."

ಬರೆದೆ. ಚೆನ್ನಾಗಿಯೇ ಬಂತು. ಓದಿ ನೋಡಿದರೆ ಸುಳ್ಳು. ಮೂರು ವರ್ಷ ಒಂದು ಕೈಯನ್ನು ನಂಬಿದವಳು ಅದೇ ಬೆಳಿಗ್ಗೆ ಯಾಕೆ ಇಣುಕುತ್ತಾಳೆ? ನನ್ನ ಅನುಕೂಲಕ್ಕೆ, ಇನ್ನೇನಕ್ಕೆ.

೪

ಡ್ರೈವರ್ ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಾ ಕೂತಿದ್ದಾನೆ. "ಸಾರ್, ಒಂದು ಮಾತು. ನನಗೆ ಹೆಂಡತಿ ಕೊಟ್ರಿ, ಟವಲ್ ಕೊಟ್ರಿ. ಅಕ್ಕನಿಗೆ ಅಂಗಡಿ ಕೊಟ್ರಿ. ಸ್ಕೂಟರಿನವನಿಗೆ ಯಾಕೆ ಏನೂ ಕೊಟ್ಟಿಲ್ಲ? ಒಂದು ಮುಖಾನೂ ಇಲ್ವಲ್ಲ?"

(ಈ ಪ್ರಶ್ನೆಯನ್ನು ಅಳಿಸಬಹುದಿತ್ತು. ಎರಡು ಸಲ ಅಳಿಸಿದೆ. ಮತ್ತೆ ಕೇಳಿದ.)

ಓದುಗರೇ, ಸ್ಕೂಟರಿನವನು ನಾನು.

ಆಫೀಸಿಗೆ ತಡವಾಗಿತ್ತು. ಮುಂದೆ ಒಂದು ವ್ಯಾನು ಸುಮ್ಮನೆ ನಿಂತಿತ್ತು. ಯಾಕೆ ನಿಂತಿದೆ ಎಂದು ಕೇಳಿಕೊಳ್ಳಲಿಲ್ಲ. ಇವನಿಗೆ ನಿಲ್ಲಿಸೋಕೆ ಬೇರೆ ಜಾಗ ಸಿಗಲಿಲ್ವಾ ಎಂದು ಬೈದುಕೊಂಡು ಬಲಕ್ಕೆ ತಿರುಗಿಸಿದೆ. ಹಾದುಹೋಗುವಾಗ ಅದರ ಕನ್ನಡಿಯಲ್ಲಿ ಒಂದು ಮುಖ ಕಂಡಿತು, ಬಾಯಿ ತೆರೆದಿತ್ತು. ಮೂಲೆಯಲ್ಲಿ ಏನೋ ಅಲುಗಿತು. ಹ್ಯಾಂಡಲ್ ಬಲಕ್ಕೆ ಎಳೆದೆ. ಹಿಂದೆ, ರಸ್ತೆಯ ಮೇಲೆ ಒಂದು ಡಬ್ಬಿ ಬಿದ್ದ ಸದ್ದು.

ಬರೀ ಡಬ್ಬಿಯೇ? ಗೊತ್ತಿಲ್ಲ. ನಾನು ನಿಲ್ಲಿಸಲಿಲ್ಲ.

ಕನ್ನಡಕದಂಗಡಿ, ಅಕ್ಕ, ಮೂರು ವರ್ಷ, ಎಲ್ಲವನ್ನೂ ಆ ಒಂದು ಸದ್ದಿನಿಂದ ಕಟ್ಟಿದ್ದೇನೆ. ಅದು ಊಟದ ಡಬ್ಬಿಯೂ ಇದ್ದೀತು. ಆಮೇಲೆ ಆ ರಸ್ತೆಗೇ ಹೋಗಿಲ್ಲ. ಮೂರು ಸಿಗ್ನಲ್ ಸುತ್ತುಹಾಕಿ ಹೋಗುತ್ತೇನೆ. ಮುಕ್ತಾಯವಿಲ್ಲದ ಕಥೆ, ಆಧುನಿಕೋತ್ತರ, ಅದೂ ಇದೂ ಎಂದು ನನ್ನೊಳಗೇ ದೊಡ್ಡ ಮಾತಾಡಿಕೊಂಡೆ. ನಿಜ ಇಷ್ಟೇ: ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಕಥೆಗೆ ಕೊನೆ ಇರುತ್ತಿತ್ತು. ನನಗೆ ಭಯವಾಯಿತು, ಈಗಲೂ ಆಗುತ್ತಿದೆ.

"ಅದಕ್ಕೇ ನನ್ನನ್ನ ಇಷ್ಟೊತ್ತು ದಾಟಿಸಲಿಲ್ಲ," ಎಂದಳು ಕನ್ನಡಕದಕ್ಕ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಡ್ರೈವರ್ ಕೇಳಿದ: "ಏನಾಯ್ತು ಅಂತ ತಿಳ್ಕೋಬೇಕಾ ಸಾರ್? ಎಂಟೂ ಮುಕ್ಕಾಲಿಗೆ ಬನ್ನಿ. ಸ್ಕೂಟರ್ ಬೇಡ. ನಡ್ಕೊಂಡು ಬನ್ನಿ."

೫

ಹೋದೆ. (ಇದನ್ನು ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು.) ಎಡಗಡೆ ಫುಟ್‌ಪಾತಿನಲ್ಲಿ, ಪಟ್ಟಿ ಶುರುವಾಗುವಲ್ಲಿ ನಿಂತೆ. ನಿಂತ ಮೇಲೆ ತಿಳಿಯಿತು, ಇಲ್ಲಿಂದ ನೋಡಿದರೆ ಎಲ್ಲ ಗಾಡಿಗಳೂ ನನ್ನ ಮೇಲೆಯೇ ಬರುತ್ತಿವೆ ಅನ್ನಿಸುತ್ತದೆ. ಹತ್ತು ನಿಮಿಷ ಯಾರೂ ನಿಲ್ಲಿಸಲಿಲ್ಲ. ಕೈಯೆತ್ತಿದೆ, ಇಳಿಸಿದೆ. ಪಕ್ಕದಲ್ಲಿ ಬೇರೆ ಯಾರೂ ಕಾಯುತ್ತಿರಲಿಲ್ಲ. ಅವಳು ರಜೆಯಲ್ಲಿರಬಹುದು ಅಂದುಕೊಂಡೆ. ಬೇಗ ಬಂದು ಹೋಗಿರಬಹುದು ಅಂದುಕೊಂಡೆ.

ವ್ಯಾನು ಬಂತು. ನಿಂತಿತು. ಡ್ರೈವರ್ ನನಗೆ ಕೈ ಬೀಸಲಿಲ್ಲ. ಮೊದಲು ಕನ್ನಡಿ ನೋಡಿದ. ಆಮೇಲೆ ಬಲಗೈಯನ್ನು ಕಿಟಕಿಯಿಂದ ಪೂರ್ತಿ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಿದ. ಲೈಸೆನ್ಸ್ ಪರೀಕ್ಷೆಗೆಂದು ಕಲಿತು ಎಲ್ಲರೂ ಮರೆಯುವ ಸನ್ನೆ: ಹಿಂದೆ ಬರುವವರೇ, ನಿಧಾನ. ಇದನ್ನು ಅವನು ಯಾವತ್ತಿನಿಂದ ಶುರು ಮಾಡಿದ? ಏನಾದ ಮೇಲೆ ಶುರು ಮಾಡಿದ? ಕಿಟಕಿಯ ಹತ್ತಿರ ಹೋಗಿ ಕೇಳಬಹುದಿತ್ತು.

ಇಳಿದೆ. ಒಂದು, ಎರಡು, ಮೂರು ಹೆಜ್ಜೆ. ರಸ್ತೆಯಾಚೆ ಒಂದಷ್ಟು ಜನ ನಿಂತಿದ್ದಾರೆ. ಅವರಲ್ಲಿ ಅವಳಿದ್ದರೂ ನನಗೆ ಗೊತ್ತಾಗುವುದಿಲ್ಲ, ಅವಳ ಮುಖವನ್ನು ನಾನು ನೋಡಿಯೇ ಇಲ್ಲ. ವ್ಯಾನಿನ ಬಲ ಮೂಲೆಗೆ ಬಂದು ನಿಂತು ಕತ್ತು ಚಾಚಿ ನೋಡಿದೆ.

ಒಂದು ಸ್ಕೂಟರು ಬರುತ್ತಿದೆ. ತಡವಾಗಿದೆ ಅವನಿಗೆ, ಕೂತಿರುವ ರೀತಿಯಲ್ಲೇ ಗೊತ್ತಾಗುತ್ತದೆ. ಚಾಚಿದ ಕೈ ಅವನಿಗೆ ಕಂಡಿದೆ. ಈ ವ್ಯಾನು ಯಾಕೆ ನಿಂತಿದೆ ಎಂದು ಕೇಳಿಕೊಳ್ಳಲು ಅವನಿಗೆ ಇನ್ನೂ ಸಮಯವಿದೆ.

ನಾನು ಇಲ್ಲೇ ನಿಂತಿರುತ್ತೇನೆ. ಮುಂದಿನ ಸಾಲು ಅವನದು.