ಕವಲಿನಲ್ಲಿ ಕಾಯುವ ನಿಯಮ

1.

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಜಲ್ಲಿ ದಾರಿಯಿಂದ ಶುರು ಮಾಡಿದರೆ ನಿಮಗೆ ಮೊದಲು ಧೂಳು ಸಿಗುತ್ತದೆ, ಮನುಷ್ಯರು ಆಮೇಲೆ. ದ್ರಾಕ್ಷಿ ತೋಟದಿಂದ ಶುರು ಮಾಡಿದರೆ ಪ್ರವಾಸದ ಜಾಹೀರಾತಿನಂತೆ ಕಾಣುತ್ತದೆ. ಅಕ್ಕನಿಂದ ಶುರು ಮಾಡೋಣವೆಂದರೆ ಅಕ್ಕ ಒಪ್ಪುವುದಿಲ್ಲ.

ಹಾಗಾಗಿ ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ನನ್ನ ಅಕ್ಕ ತನ್ನ ಗ್ರಾವೆಲ್ ಸೈಕಲ್ಲನ್ನು ಮಾರಲು ಹೊರಟಿದ್ದಾಳೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಬ್ಬರು ಟೀಚರ್ ನೋಡಲು ಬರುತ್ತಾರೆ. ಇವತ್ತು ಗುರುವಾರ. ಅಷ್ಟರೊಳಗೆ ನಾನು ಇದನ್ನು ಬರೆಯಬೇಕು, ಅವಳು ಓದಬೇಕು, ಓದಿ ಮಾರುವುದಿಲ್ಲ ಎನ್ನಬೇಕು. (ಒಂದು ಕಥೆಯಿಂದ ಇಷ್ಟು ಕೆಲಸ ತೆಗೆಯುವುದು ಅನ್ಯಾಯವೆಂದು ಗೊತ್ತು. ಆದರೆ ಇದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ.)

ಸೈಕಲ್ ಯಾಕೆ ಮಾರುತ್ತೀಯ ಎಂದು ಕೇಳಿದ್ದಕ್ಕೆ, ಓಣಿಯಂಥ ನಮ್ಮ ಪ್ಯಾಸೇಜಿನಲ್ಲಿ ಜಾಗವಿಲ್ಲ, ನಿಮ್ಮ ಭಾವ ಅದರ ಹ್ಯಾಂಡಲ್ಲಿಗೆ ಕಾಲುಚೀಲ ಒಣಹಾಕುತ್ತಾರೆ, ನೋಡೋಕಾಗಲ್ಲ ಎಂದಳು. ಕಾರಣ ಅದಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

2.

ಗ್ರಾವೆಲ್ ಸೈಕಲ್ ಎಂದರೆ ರೇಸ್ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್, ಆದರೆ ಟೈರು ದಪ್ಪ. ಡಾಂಬರು ಮುಗಿದ ಮೇಲೂ ಓಡುತ್ತದೆ. ಟೈರಿಗೆ ಗಾಳಿ ಸ್ವಲ್ಪ ಕಡಿಮೆಯೇ ಇರಬೇಕು, ಇಲ್ಲದಿದ್ದರೆ ದಾರಿಯ ಪ್ರತಿ ಕಲ್ಲೂ ಮೊಣಕೈಗೆ ಬಂದು ಹೊಡೆಯುತ್ತದೆ. ಅಕ್ಕ ಮೀಟರನ್ನು ನಂಬುತ್ತಿರಲಿಲ್ಲ, ಹೆಬ್ಬೆರಳಿನಿಂದ ಒತ್ತಿ ನೋಡಿ ಸಾಕು ಎನ್ನುತ್ತಿದ್ದಳು. ಅವಳು ಹಲ್ಲಿನ ಡಾಕ್ಟರುಗಳಿಗೆ ಹಲ್ಲುಸೆಟ್ ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಇಡೀ ದಿನ ಮುಖ ಕಾಣದ ಜನರ ದವಡೆಗಳ ಮೇಲೆ ಬೆರಳಾಡಿಸುವವಳ ಹೆಬ್ಬೆರಳನ್ನು ಅನುಮಾನಿಸುವುದು ಹೇಗೆ? ನಾನು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ನಕ್ಷೆ ನನ್ನ ಜೇಬಿನಲ್ಲಿರುತ್ತಿತ್ತು, ದಾರಿ ಅವಳ ತಲೆಯಲ್ಲಿರುತ್ತಿತ್ತು.

ಹನ್ನೊಂದು ವರ್ಷ, ದ್ರಾಕ್ಷಿ ಕೊಯ್ಲು ಮುಗಿಯುವ ವಾರದಲ್ಲಿ, ನಾವಿಬ್ಬರೂ ಸೈಕಲ್ ಹೇರಿಕೊಂಡು ರೈಲಿನ ಕೊನೆಯ ಸ್ಟೇಷನ್ನಿನವರೆಗೆ ಹೋಗಿ ಇಳಿಯುತ್ತಿದ್ದೆವು. ಗುಡ್ಡ ಎನ್ನಲು ಎತ್ತರ ಸಾಲದ, ಬಯಲು ಎನ್ನಲೂ ಆಗದ ನೆಲ. ಇಳಿದರೆ ಹತ್ತಬೇಕು, ಹತ್ತಿದರೆ ಇಳಿಯಬೇಕು. ಎರಡೂ ಬದಿಗೆ ತಂತಿಗೆ ಕಟ್ಟಿದ ಬಳ್ಳಿಗಳ ಸಾಲು. ಎರಡು ಸಾಲುಗಳ ನಡುವೆ ಯಾರೋ ಮರೆತುಹೋದ ಕತ್ತರಿ, ಮಗುಚಿಟ್ಟ ಕ್ರೇಟು. ನಾಲ್ಕಾರು ಮೈಲಿಗೊಂದು ಹಳ್ಳಿ. ಪ್ರತಿಯೊಂದರಲ್ಲೂ ಒಂದು ನಲ್ಲಿ, ಒಂದು ಬೆಂಚು, ಅರ್ಧ ಶಟರ್ ಎಳೆದ ಒಂದು ಅಂಗಡಿ. ನೆಲಮಾಳಿಗೆಗಳ ಕಿಟಕಿಯಿಂದ ಹುಳಿಯೇರುತ್ತಿರುವ ಹಣ್ಣಿನ ವಾಸನೆ ಕಾಲಿನ ಮಟ್ಟದಲ್ಲೇ ಹರಿದು ಬರುತ್ತಿತ್ತು.

ಇನ್ನೂ ಬರೆಯಬಹುದು. ಟೈರಿನಡಿ ಜಲ್ಲಿ ಮಾಡುವ ಸದ್ದಿನ ಬಗ್ಗೆಯೇ ಎರಡು ಪುಟ ಬರೆದಿದ್ದೆ. ಅಷ್ಟನ್ನು ಮಾತ್ರ ಅಕ್ಕನಿಗೆ ಕಳಿಸಿದಾಗ, ಹುರಿಗಡಲೆ ಜಗಿದ ಹಾಗಿರುತ್ತಿತ್ತು ಅಂತ ಒಂದೇ ಸಾಲು ಬರಿ, ಎಂದು ಮೆಸೇಜು ಬಂತು. ಬರೆದಿದ್ದೇನೆ.

3.

ನಮ್ಮ ನಿಯಮ.

ಮುಂದೆ ಹೋದವರು ಪ್ರತಿ ಕವಲಿನಲ್ಲೂ ಕಾಯಬೇಕು. ಹಿಂದಿನವರ ಮುಖ ಕಾಣುವವರೆಗೆ ಹೊರಡಬಾರದು. ಕಾಯಲಾಗದ ತುರ್ತಿದ್ದರೆ ಹಿಮ್ಮಡಿಯಿಂದ ಜಲ್ಲಿ ಕೆರೆದು, ಹೋದ ದಿಕ್ಕಿಗೆ ಬಾಣದ ಗುರುತು ಹಾಕಬೇಕು. ದಾರಿ ತಪ್ಪಿದವರು ಸುತ್ತಾಡದೆ, ಸಿಕ್ಕಿದ ಮೊದಲ ಹಳ್ಳಿಯಲ್ಲಿ ಕೂತಿರಬೇಕು. ಫೋನಿಗೆ ಆ ಗುಡ್ಡಗಳಲ್ಲಿ ಸಿಗ್ನಲ್ ಇರುತ್ತಿರಲಿಲ್ಲ. ಇದ್ದರೂ ನಾವು ಫೋನ್ ಮಾಡುತ್ತಿದ್ದೆವೆಂದು ನನಗನ್ನಿಸುವುದಿಲ್ಲ.

ಹನ್ನೊಂದು ವರ್ಷವೂ ಕಾದವಳು ಅಕ್ಕನೇ. ನಾನು ಏದುಸಿರು ಬಿಡುತ್ತ ತಿರುವು ದಾಟಿದರೆ, ಅವಳು ಒಂದು ಕಾಲು ನೆಲಕ್ಕೂರಿ, ಬ್ರೆಡ್ಡು ತಿನ್ನುತ್ತ ನಿಂತಿರುತ್ತಿದ್ದಳು. “ಬಂದ್ಯಾ?” ಎನ್ನುತ್ತಿದ್ದಳು. ಅಷ್ಟೇ. ನನಗೆ ಉಸಿರು ಸಿಗುವ ಮೊದಲೇ ಮುಂದೆ ಹೋಗಿರುತ್ತಿದ್ದಳು. ಅವಳು ವಿಶ್ರಾಂತಿ ಪಡೆದಿರುತ್ತಿದ್ದಳು, ನಾನು ಪಡೆದಿರುತ್ತಿರಲಿಲ್ಲ. ಕಾಯುವುದರಲ್ಲಿ ಇಂಥದೊಂದು ಲಾಭವಿದೆ ಎಂಬುದನ್ನು ಯಾರೂ ಹೇಳುವುದಿಲ್ಲ.

4.

(ಇಲ್ಲಿ ಮುಖ್ಯ ಘಟನೆ ಬರಬೇಕು. ಮೊದಲ ಡ್ರಾಫ್ಟಿನಲ್ಲಿ ಹೀಗಿತ್ತು.)

ಹನ್ನೊಂದನೆಯ ವರ್ಷ. ಹಿಂದಿನ ದಿನ ಮಳೆ ಬಂದು ದಾರಿ ತೇವವಾಗಿತ್ತು. ಅಂದು ಅದು ಹೇಗೋ ತಮ್ಮ ಮುಂದಿದ್ದ, ಅಕ್ಕ ಹಿಂದಿದ್ದಳು. ಕೊನೆಯ ಏರಿನ ಕೆಳಗೆ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಗುಡ್ಡದ ನೆತ್ತಿ, ಬಲಕ್ಕೆ ಹೋದರೆ ಪೀಪಾಯಿ ಮಾಡುವವನ ಹಳ್ಳಿ. ತಮ್ಮ ಹಿಮ್ಮಡಿಯಿಂದ ಬಾಣದ ಗುರುತು ಹಾಕಿ ಎಡಕ್ಕೆ ಹೋದ. ಅವನ ಹಿಂದೆಯೇ ದ್ರಾಕ್ಷಿ ಹೇರಿದ ಟ್ರ್ಯಾಕ್ಟರ್ ಬಂದು ಗುರುತನ್ನು ಅಳಿಸಿತು. ಅಕ್ಕ ಕವಲಿಗೆ ಬಂದಳು. ಗುರುತು ಕಾಣದೆ ಬಲಕ್ಕೆ…

ಇಲ್ಲಿ ಅಕ್ಕ ತುಳಿಯುವುದನ್ನು ನಿಲ್ಲಿಸಿದಳು. ಫೋನಿನ ಅಕ್ಕನಲ್ಲ, ಕಥೆಯೊಳಗಿನ ಅಕ್ಕ. ನಾನು ಮೂರು ಸಲ “ಬಲಕ್ಕೆ ತಿರುಗಿದಳು” ಎಂದು ಟೈಪ್ ಮಾಡಿದೆ, ಮೂರು ಸಲವೂ ಅವಳು ತಿರುಗಲಿಲ್ಲ. ಹೆಲ್ಮೆಟ್ ತೆಗೆದು ಹ್ಯಾಂಡಲ್ಲಿಗೆ ನೇತುಹಾಕಿ, ನೆಲ ನೋಡುತ್ತ ನಿಂತಳು. ಯಾಕೆ ಎಂದೆ. ಟ್ರ್ಯಾಕ್ಟರ್ ಎಲ್ಲಿ ಎಂದಳು. ಬಂದು ಹೋಯಿತಲ್ಲ ಎಂದೆ. ತೇವದ ನೆಲದ ಮೇಲೆ ಟ್ರ್ಯಾಕ್ಟರ್ ಹೋದರೆ ಅದರ ಚಕ್ರದ ಅಚ್ಚು ಇರಬೇಡವಾ, ನಕ್ಷೆ ಬರೆಯೋನಿಗೆ ಇಷ್ಟೂ ಗೊತ್ತಾಗಲ್ವಾ ಎಂದಳು.

ಡ್ರಾಫ್ಟನ್ನು ಅಲ್ಲಿಗೇ ಬಿಟ್ಟೆ. ಶುಕ್ರವಾರ ಹಾಗೇ ಹೋಯಿತು.

4. (ಮತ್ತೆ)

ಟ್ರ್ಯಾಕ್ಟರ್ ಇರಲಿಲ್ಲ. ಬಾಣದ ಗುರುತೂ ಇರಲಿಲ್ಲ. ನಾನು ನಿಲ್ಲಲೇ ಇಲ್ಲ.

ಓದುಗರೇ, ಇದನ್ನು ಮೂರು ವರ್ಷದಲ್ಲಿ ಮೊದಲ ಸಲ ಹೇಳುತ್ತಿದ್ದೇನೆ. ಕಾರಣ ಕೇಳಿದರೆ ನಗುತ್ತೀರಿ. ಅಂದು ಮೊದಲ ಬಾರಿಗೆ ನಾನು ಅಕ್ಕನಿಗಿಂತ ಮುಂದಿದ್ದೆ. ಹಿಂದೆ ಅವಳ ಟೈರಿನ ಸದ್ದು ಕೇಳಿಸುತ್ತಿರಲಿಲ್ಲ. ಕಾಲಿನಲ್ಲಿ ಶಕ್ತಿಯಿತ್ತು, ಬೆನ್ನಿಗೆ ಬಿಸಿಲಿತ್ತು. ಕವಲಿನಲ್ಲಿ ನಿಂತರೆ ಅವಳು ಬಂದು ಸೇರುತ್ತಾಳೆ, ಏರಿನಲ್ಲಿ ನನ್ನನ್ನು ದಾಟುತ್ತಾಳೆ. ನಾನೇ ಮೊದಲು ನೆತ್ತಿಗೆ ಹೋಗಿ, ಒಂದು ಕಾಲೂರಿ ನಿಂತು, ಮೇಲಿನಿಂದ ಅವಳನ್ನು ಬಂದ್ಯಾ ಎಂದು ಕೇಳಬೇಕೆನಿಸಿತು. ಒಂದೇ ಒಂದು ಸಲ. ಆಗ ನನಗೆ ವಯಸ್ಸು ಮೂವತ್ತೆಂಟು.

ನೆತ್ತಿಯ ಮೇಲೆ ಒಂದು ಗಂಟೆ ನಿಂತೆ. ಕೇಳಲು ಯಾರೂ ಬರಲಿಲ್ಲ. ಕೆಳಗಿಳಿದು ಹುಡುಕಬೇಕಿತ್ತು. ಹುಡುಕಲು ಹೋದರೆ ಯಾಕೆ ನಿಲ್ಲಲಿಲ್ಲ ಎಂದು ಕೇಳುತ್ತಾಳೆ. ಅವಳು ಸಿಟ್ಟಾಗಿ ವಾಪಸ್ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಆಚೆ ಬದಿಯಿಂದಿಳಿದು ರೈಲು ಹತ್ತಿದೆ. ರಾತ್ರಿ ಫೋನ್ ಮಾಡಿದೆ. ಸೇರಿದ್ಯಾ ಎಂದೆ. ಬಲಕ್ಕೆ ಹೋಗಿದ್ದೆ, ಈಗ ಸೇರಿದೆ ಎಂದಳು. ಆಗ ಟ್ರ್ಯಾಕ್ಟರಿನ ಕಥೆ ಹೇಳಿದೆ. ಅದು ನಾನು ಕಟ್ಟಿದ ಮೊದಲ ಕಥೆ, ತೀರಾ ಕೆಟ್ಟದಾಗಿತ್ತು. ಅಕ್ಕ, “ಇರಬಹುದು,” ಎಂದಳು.

ಮುಂದಿನ ವರ್ಷ ಕೊಯ್ಲಿನ ವಾರ ಬಂತು. ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಮ್ಮನ ಮಂಡಿ ನೋವು, ಸೋರುವ ನಲ್ಲಿ, ಅವಳ ಲ್ಯಾಬಿಗೆ ಬಂದ ಹೊಸ ಮೇಲ್ವಿಚಾರಕನ ಪೆದ್ದುತನ, ಎಲ್ಲ ಮಾತಾಡುತ್ತೇವೆ. ಈ ವಾರದವರೆಗೂ, ಸೈಕಲ್ ಎಂಬ ಪದ ಬರುವ ಹಾಗಿದ್ದರೆ ಇಬ್ಬರೂ ಸುತ್ತಿಬಳಸಿ ಹೋಗುತ್ತಿದ್ದೆವು.

6.

(ಐದನೆಯದರಲ್ಲಿ ನಾನು ಕ್ಷಮೆ ಕೇಳಿದ್ದೆ. ಓದಿದರೆ ನನಗೇ ಮುಜುಗರವಾಯಿತು, ತೆಗೆದೆ. ಅಂಕಿಯನ್ನು ಮಾತ್ರ ತುಂಬುವುದಿಲ್ಲ.)

ಈಗ ಮುಕ್ತಾಯಗಳು. ಶನಿವಾರ ಸಂಜೆಗೆ ನನ್ನ ಬಳಿ ಇದ್ದವು ಇವು:

ಒಂದು. ಹತ್ತು ಗಂಟೆಗೆ ಐದು ನಿಮಿಷ ಇರುವಾಗ ನಾನು ಅಕ್ಕನ ಮನೆ ತಲುಪುತ್ತೇನೆ, ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಳ್ಳುತ್ತೇನೆ, ಟೀಚರ್ ಮುಂದೆ ಕಣ್ಣೀರು ಹಾಕುತ್ತೇನೆ. (ಭಾವ ಅದನ್ನು ಸಾಯುವವರೆಗೂ ಹೇಳಿಕೊಂಡು ನಗುತ್ತಾರೆ. ಬೇಡ.)

ಎರಡು. ಟೀಚರಿಗೆ ಸೀಟು ಎತ್ತರವಾಗುತ್ತದೆ, ಬೇಡ ಎನ್ನುತ್ತಾರೆ. (ಸೀಟು ಇಳಿಸಲು ಒಂದು ಸ್ಕ್ರೂ ಸಡಿಲಿಸಿದರೆ ಸಾಕು ಎಂದು ಯಾರಿಗೆ ಗೊತ್ತಿಲ್ಲ?)

ಮೂರು. ಸೈಕಲ್ ಹೋಗುತ್ತದೆ. ನಾವಿಬ್ಬರೂ ಮಾತಾಡುತ್ತಲೇ ಇರುತ್ತೇವೆ, ನಲ್ಲಿಯ ಬಗ್ಗೆ.

ಮೂರನೆಯದು ಎಲ್ಲಕ್ಕಿಂತ ಸಹಜವಾಗಿತ್ತು. ಅದಕ್ಕೇ ಹೆದರಿ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಇಲ್ಲಿಯವರೆಗಿನದನ್ನು ಮುಕ್ತಾಯವಿಲ್ಲದೆಯೇ ಅವಳಿಗೆ ಕಳಿಸಿದೆ.

7.

ಒಂಬತ್ತೂ ಐವತ್ತಕ್ಕೆ ಫೋನ್ ಬಂತು. ಈಗಲೂ ಕಿವಿಗೆ ಹಿಡಿದಿದ್ದೇನೆ. ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪುಗಳಿದ್ದರೆ ಕ್ಷಮಿಸಿ.

ಓದಿದೆ ಎಂದಳು.

“ಟೈರಿನ ಗೆರೆ ಇತ್ತು ಕಣೋ ಅಲ್ಲಿ. ಒಂದೇ ಗೆರೆ, ಎಡಕ್ಕೆ. ಎಲ್ಲೂ ಕಾಲೂರಿದ ಗುರುತಿಲ್ಲ. ನೀನು ನಿಂತೇ ಇಲ್ಲ ಅಂತ ನಂಗೆ ಅವತ್ತೇ ಗೊತ್ತು.”

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ನಾನು ಹೋದ ದಿಕ್ಕು ಅವಳಿಗೆ ಕಾಣುತ್ತಿತ್ತು. ದಾರಿ ತಪ್ಪಲು ಸಾಧ್ಯವೇ ಇರಲಿಲ್ಲ.

“ಮತ್ತೆ ಬಲಕ್ಕೆ ಯಾಕೆ ಹೋದೆ?”

“ಬೇಕಂತಲೇ.”

ಆಮೇಲೆ ಅವಳು ನಿಧಾನವಾಗಿ ಹೇಳಿದಳು. ಪೀಪಾಯಿಯವನ ಅಂಗಳದೆದುರು ಬೆಂಚಿನ ಮೇಲೆ ನಾಲ್ಕು ಗಂಟೆ ಕೂತಿದ್ದಳಂತೆ. ನಾನು ಹುಡುಕಿಕೊಂಡು ಬಂದೇ ಬರುತ್ತೇನೆ ಎಂದುಕೊಂಡು, ಮೊದಲ ಒಂದು ಗಂಟೆ ಹೇಗೆ ಬೈಯಬೇಕೆಂದು ಲೆಕ್ಕ ಹಾಕುತ್ತಿದ್ದಳಂತೆ. ಆಮೇಲೆ ಬೈಯುವುದು ಮರೆತುಹೋಯಿತಂತೆ. ಪೀಪಾಯಿಯವನು ಕಬ್ಬಿಣದ ಪಟ್ಟಿ ಬಡಿಯುವುದನ್ನು ಮುಗಿಸಿ, ಬಾಗಿಲು ಹಾಕುವಾಗ ಯಾರಿಗೆ ಕಾಯ್ತಿದೀರಿ ಎಂದು ಕೇಳಿದನಂತೆ.

“ಏನಂದೆ?”

“ಯಾರಿಗೂ ಇಲ್ಲ ಅಂದೆ.”

ನಾನು ಕಥೆಗಾಗಿ ಮೂರು ವರ್ಷ ಇಟ್ಟುಕೊಂಡಿದ್ದ ತಪ್ಪು ಅರ್ಧದಷ್ಟೇ ನನ್ನದಾಗಿತ್ತು. ಇನ್ನರ್ಧವನ್ನು ಅವಳು ಪ್ಯಾಸೇಜಿನಲ್ಲಿ, ಕಾಲುಚೀಲಗಳ ಕೆಳಗೆ, ಇಟ್ಟುಕೊಂಡಿದ್ದಳು. ಇದು ಸಮಾಧಾನದ ವಿಷಯವೋ ಅಲ್ಲವೋ ತಿಳಿಯಲಿಲ್ಲ. (ಒಳ್ಳೆಯ ಲೇಖಕನಾಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದೆ.)

“ಮಾರಬೇಡ,” ಎಂದೆ.

ಅಕ್ಕ ಗಂಟಲು ಸರಿಮಾಡಿಕೊಂಡಳು. ಟೀಚರಮ್ಮ ಬೇಗ ಬಂದುಬಿಟ್ಟರು, ನಾನು ಓದುತ್ತ ಕೂತಿದ್ದೆ, ಒಂದು ರೌಂಡ್ ನೋಡಿಕೊಂಡು ಬರುತ್ತೇನೆ ಎಂದು ಸೈಕಲ್ ತೆಗೆದುಕೊಂಡು ಹೋದರು, ಇಪ್ಪತ್ತು ನಿಮಿಷವಾಯಿತು, ಇನ್ನೂ ಬಂದಿಲ್ಲ ಎಂದಳು. ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದಾಳೆ. ಹಿಂದಿನಿಂದ ಭಾವ ಏನೋ ಕೇಳಿದ್ದಕ್ಕೆ ಸುಮ್ನಿರಿ ಎಂದಳು.

ಹೊಡೆದುಕೊಂಡು ಹೋದರೇನೋ ಎಂದೆ.

“ಛೇ. ಅವರ ಚಪ್ಪಲಿ ಇಲ್ಲೇ ಇದೆ. ನನ್ನ ಶೂ ಹಾಕ್ಕೊಂಡು ಹೋಗಿದಾರೆ.”

ಇಬ್ಬರೂ ನಕ್ಕೆವು. ನಗು ಸ್ವಲ್ಪ ಹೊತ್ತು ಹೆಚ್ಚೇ ಆಯಿತು. ಅವಳ ಬೀದಿಯಲ್ಲಿ ಯಾರೋ ಬಕೆಟ್ ತುಂಬಿಸುತ್ತಿದ್ದ ಸದ್ದು ಕೇಳಿಸಿತು.

“ವಾಪಸ್ ಬಂದು, ತಗೋತೀನಿ ಅಂದ್ರೆ ಏನ್ ಹೇಳ್ತೀಯ?”

ಗೇಟಿನ ಚಿಲಕ ಕಿರುಗುಟ್ಟಿತು. ನಾನು ಇನ್ನೊಮ್ಮೆ ಕೇಳಲಿಲ್ಲ. ಅವಳ ಬಾಯಿಗೆ ಒಂದು ಉತ್ತರ ಬರೆದು ಹಾಕುವುದು ನನಗೆ ಕಷ್ಟವಲ್ಲ. ಕೊನೆಯ ವಾಕ್ಯ ಅವಳದೇ ಆಗಲಿ ಎಂದು ಮೂರು ಉತ್ತರ ಬರೆದೆ, ಮೂರನ್ನೂ ಅಳಿಸಿದೆ. ಓದುಗರೇ, ನಿಮಗೆ ಕೆಲಸವಿದ್ದರೆ ಹೊರಡಿ. ನಾವಿಬ್ಬರೂ ಫೋನ್ ಇಟ್ಟಿಲ್ಲ.

“ತಿರುವಲ್ಲಿ ಯಾರೋ ಕಾಣ್ತಿದಾರೆ,” ಎಂದಳು.

“ಅವರೇನಾ?”

“ಗೊತ್ತಾಗ್ತಿಲ್ಲ. ಬಿಸಿಲು ಕಣ್ಣಿಗೆ ಹೊಡೀತಿದೆ. ಇರು.”

ಇದ್ದೇನೆ.